ಸ್ಕ್ವೇರ್ ಲೆಗ್‌ನಲ್ಲಿ ನಿಂತವರು

ನ್ಯೂ ಲಿನ್, ಆಕ್ಲೆಂಡ್
15 ಮೇ 2016

ಓಂಕಾರ,

ನಿನ್ನ ಹೊಸ ವಿಳಾಸ ನಿಮ್ಮವ್ವನಿಂದ ಸಿಕ್ಕಿತು. ಐದು ವರ್ಷದಲ್ಲಿ ಇದು ಏಳನೆಯದು. ನನ್ನ ವಿಳಾಸದ ಪುಸ್ತಕದಲ್ಲಿ 'ಓ' ಪುಟ ತುಂಬಿ ಹೋಗಿ, ನಿನ್ನನ್ನು ಈಗ 'ಔ' ಪುಟಕ್ಕೆ ದಾಟಿಸಿದ್ದೇನೆ. ಅಲ್ಲಿ ಬೇರೆ ಯಾರೂ ಇಲ್ಲ, ಆರಾಮಾಗಿ ಇರು.

ಈ ಪತ್ರಕ್ಕೆ ಕಾರಣ ನಿಮ್ಮವ್ವ. ಹೋದ ಭಾನುವಾರ ನಿನ್ನ ಫೋನ್ ಬಂದಾಗ ನನ್ನ ಕೈಗೆ ಕೊಟ್ಟಳು. ನೀನು "ಹೂಂ" ಅಂದೆ, ನಾನು "ಹೂಂ" ಅಂದೆ, ವಾಪಸ್ ಕೊಟ್ಟೆ. ಆಕೆಗೆ ಸಿಟ್ಟು ಬಂತು. "ಮ್ಯಾಚಿನ ವರದಿ ಅಂದ್ರ ನಾಕು ಪುಟ ಬರೀತೀರಿ. ಮಗನಿಗೆ ನಾಕು ಸಾಲು ಬರಿಯಾಕ ಬರಂಗಿಲ್ಲೇನು?" ಎಂದಳು. ಬರುತ್ತದೆ ಎಂದು ತೋರಿಸಲು ಕೂತಿದ್ದೇನೆ.

ಏಳು ವರ್ಷದ ಹಿಂದಿನ ಆ ಶನಿವಾರದ ಸುದ್ದಿ ನಾನು ಎತ್ತುವುದಿಲ್ಲ. ಆಗ ನಿನಗೆ ಹದಿನಾರು. ನಾನು ಸ್ಕ್ವೇರ್ ಲೆಗ್‌ನಲ್ಲಿ, ಬ್ಯಾಟ್ಸ್‌ಮನ್ನನ ಪಕ್ಕಕ್ಕೆ ದೂರದಲ್ಲಿ, ಅಂಪೈರ್ ಆಗಿ ನಿಂತಿದ್ದೆ. ಕ್ರಿಕೆಟ್ಟಿನಲ್ಲಿ ಬಾಗಿದ ಮೊಣಕೈಯನ್ನು ಚೆಂಡು ಬಿಡುವಾಗ ನೇರ ಮಾಡಿದರೆ ಅದು ಬೌಲಿಂಗ್ ಅಲ್ಲ, ಎಸೆತ. ನೀನು ಎಸೆಯುತ್ತೀ ಎಂದು ನಾನು ಮೂರು ಸಲ ನೋಬಾಲ್ ಕೊಟ್ಟೆ. ನಿನ್ನ ಕ್ರಿಕೆಟ್ ಅಲ್ಲಿಗೆ ಮುಗಿಯಿತು. ಎಸೆಯುವುದೇ ಕೆಲಸವಾಗಿರುವ ಬೇಸ್‌ಬಾಲ್ ಆಟವನ್ನು ನೀನು ಹುಡುಕಿಕೊಂಡೆ, ಒಳ್ಳೆಯದೇ ಆಯಿತು. ಸುದ್ದಿ ಎತ್ತುವುದಿಲ್ಲ ಎಂದು ಆರು ಸಾಲು ಬರೆದೆ ನೋಡು.

ಈಸ್ಟ್ ತಮಾಕಿಯ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಹಾಗೇ ಇದೆ. ಡಬ್ಬಿಗಳ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದು. ಶನಿವಾರ ಅಂಪೈರಿಂಗ್. ವಾರವಿಡೀ ತಪ್ಪು ಹಿಡಿಯುವುದೇ ನನ್ನ ಉದ್ಯೋಗ ಎಂದು ನಿಮ್ಮವ್ವ ಹೇಳುತ್ತಾಳೆ.

ಊಟ ಸರಿಯಾಗಿ ಮಾಡು.

ಅಪ್ಪ


ಕಾನ್ಸಸ್, ಅಮೆರಿಕ
22 ಜೂನ್ 2016

ಅಪ್ಪಾ,

ಪತ್ರವನ್ನು ತಂಡದ ಬಸ್ಸಿನಲ್ಲಿ ಓದಿದೆ. ಪಕ್ಕದವನು ಇಣುಕಿ ನೋಡಿ, ಇದೇನು ಗುಟ್ಟಿನ ಲಿಪಿಯೇ ಎಂದು ಕೇಳಿದ. ಇಲ್ಲಿ ಒಬ್ಬರ ಫೋನನ್ನು ಇನ್ನೊಬ್ಬರು ಓದುತ್ತಾರೆ, ಒಬ್ಬರ ಸಾಕ್ಸನ್ನು ಇನ್ನೊಬ್ಬರು ಹಾಕಿಕೊಳ್ಳುತ್ತಾರೆ. ಕನ್ನಡವೊಂದೇ ನನಗೆ ಬಾಗಿಲು ಇರುವ ಕೋಣೆ. ಅದಕ್ಕೇ ನಾನೂ ಪತ್ರವನ್ನೇ ಬರೆಯುತ್ತೇನೆ. ಗದಗಿನ ಶಾಲೆಯಲ್ಲಿ ಐದನೇ ಇಯತ್ತೆಗೆ ಬಿಟ್ಟು ಬಂದ ಕನ್ನಡ, ತಪ್ಪಿದ್ದರೆ ನೋಬಾಲ್ ಕೊಡಬೇಡಿ.

ನೀವು ಕೇಳಿಲ್ಲ, ಆದರೂ ನನ್ನ ಕೆಲಸ ಹೇಳುತ್ತೇನೆ. ನಾನು ಪಿಚರ್, ಅಂದರೆ ಬ್ಯಾಟಿನವನಿಗೆ ಚೆಂಡು ಎಸೆಯುವವನು, ಆದರೆ ಆಟ ಶುರು ಮಾಡುವವನಲ್ಲ, ಗೆಲ್ಲಿಸಿ ಮುಗಿಸುವವನೂ ಅಲ್ಲ. ತಂಡ ಎಂಟು ರನ್ ಹಿಂದೆ ಬಿದ್ದಾಗ, ಒಳ್ಳೆಯ ಪಿಚರ್‌ಗಳ ಕೈ ಸುಮ್ಮನೆ ಸವೆಯಬಾರದೆಂದು ನನ್ನನ್ನು ಕಳಿಸುತ್ತಾರೆ. ನಾನು ಮಧ್ಯಕ್ಕೆ ಹೋಗಿ ನಿಲ್ಲುವ ಹೊತ್ತಿಗೆ ಅರ್ಧ ಜನ ಎದ್ದು ಕಾರಿನ ಕಡೆ ನಡೆಯುತ್ತಿರುತ್ತಾರೆ. ಸೋತ ಆಟವನ್ನು ಯಾರಾದರೂ ಮುಗಿಸಬೇಕಲ್ಲ. ನಾನು ಮುಗಿಸುತ್ತೇನೆ. ಅದರಲ್ಲಿ ನನಗೆ ಒಳ್ಳೆಯ ಹೆಸರಿದೆ.

ಕೈ ನೋಯುತ್ತಿದೆ. ಮೇ ತಿಂಗಳಿಂದ ಕಿರುಬೆರಳು ಜೋಮು ಹಿಡಿದ ಹಾಗಿದೆ. ಡಾಕ್ಟರ್ ಎಕ್ಸ್‌ರೇ ತೆಗೆಸಿ ನೋಡಿ, "ಈ ಮೊಣಕೈ ಚಿಕ್ಕಂದಿನಲ್ಲಿ ಮುರಿದಿತ್ತಾ?" ಎಂದು ಕೇಳಿದರು. ನನಗೆ ನೆನಪಿಲ್ಲ ಎಂದೆ. ಅವ್ವನನ್ನು ಕೇಳಿದರೆ, "ನಿನಗ ಮೂರು ವರ್ಷ ಇದ್ದಾಗ ಉಳುಕಿತ್ತಂತ. ನಾ ಹುಬ್ಬಳ್ಳಿ ಹಾಸ್ಟೆಲ್‌ನ್ಯಾಗ ನರ್ಸಿಂಗ್ ಓದಾಕತ್ತಿದ್ದೆ. ನಿಮ್ಮಪ್ಪಗ ಕೇಳು" ಎಂದಳು.

ಕೇಳುತ್ತಿದ್ದೇನೆ. ಮುರಿದಿತ್ತಾ?

ಓಂಕಾರ


ನ್ಯೂ ಲಿನ್
24 ಜುಲೈ 2016

ಓಂಕಾರ,

ಇಲ್ಲಿ ವಿಪರೀತ ಚಳಿ. ಮೂಲೆಯ ಡೈರಿ ಅಂಗಡಿ ಬೇರೆಯವರ ಕೈಗೆ ಹೋಗಿದೆ. ಹೊಸಬರು ಹಾಲನ್ನು ಹಿಂದಿನ ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ, ಹುಡುಕಬೇಕು. ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ರಸ್ತೆ ಅಗೆದು ಮೂರು ವಾರವಾಯಿತು. ಒಂದೂವರೆ ತಾಸು ಹಿಡಿಯುತ್ತದೆ. ನಿಮ್ಮವ್ವನಿಗೆ ವಾರ್ಡು ಬದಲಾಯಿತು, ಈಗ ಮೂಳೆಯ ವಾರ್ಡು.

ಡಾಕ್ಟರರು ಏನೇನೋ ಕೇಳುತ್ತಾರೆ. ಕೇಳುವುದು ಅವರ ಕೆಲಸ. ಬಿಸಿನೀರಿನ ಶಾಖ ಕೊಡು. ಭಾರ ಎತ್ತಬೇಡ.

ಅಪ್ಪ


ಅಡಿಲೇಡ್
4 ಡಿಸೆಂಬರ್ 2016

ಅಪ್ಪಾ,

ಕಾನ್ಸಸ್‌ನವರು ಆಗಸ್ಟಿನಲ್ಲಿ ನನ್ನನ್ನು ಬಿಟ್ಟರು. ಬಿಡುವ ರೀತಿ ಎಲ್ಲಾ ಕಡೆ ಒಂದೇ. ಬೆಳಿಗ್ಗೆ ಒಬ್ಬ ಬಂದು, "ಕೋಚ್ ಕರೀತಿದ್ದಾರೆ" ಎನ್ನುತ್ತಾನೆ. ಆಗ ಲಾಕರ್ ರೂಮಿನಲ್ಲಿ ಎಲ್ಲರೂ ಬೂಟಿನ ಲೇಸು ಕಟ್ಟಿಕೊಳ್ಳಲು ತಲೆ ಬಗ್ಗಿಸುತ್ತಾರೆ. ಲೇಸು ಇಲ್ಲದ ಚಪ್ಪಲಿ ಹಾಕಿಕೊಂಡವನೂ ಬಗ್ಗುತ್ತಾನೆ. ಒಳಗೆ ಕೋಚ್ ಕೈಕುಲುಕಿ, "ನಿನ್ನಂಥ ಒಳ್ಳೆಯ ಹುಡುಗ" ಎಂದು ಶುರು ಮಾಡುತ್ತಾನೆ. ಒಳ್ಳೆಯ ಹುಡುಗ ಎಂದ ತಕ್ಷಣ ನಾನು ಮನಸ್ಸಿನಲ್ಲೇ ಸೂಟ್‌ಕೇಸು ತುಂಬಲು ಶುರು ಮಾಡುತ್ತೇನೆ. ಆರು ಸಲ ಆಗಿದೆ. ಅಭ್ಯಾಸವಾಗಬೇಕಿತ್ತು, ಆಗಿಲ್ಲ.

ಇಲ್ಲಿ ಅಡಿಲೇಡಿನಲ್ಲಿ ಫೆಬ್ರವರಿಯ ತನಕ ಇರಬಹುದು. ಅಂಗಿಯ ಬೆನ್ನಿನ ಮೇಲೆ ಹೋದ ವರ್ಷದವನ ಹೆಸರಿತ್ತು. ಕಿತ್ತು ತೆಗೆದಿದ್ದಾರೆ, ಹೊಲಿಗೆಯ ತೂತುಗಳು ಉಳಿದಿವೆ.

ನೀವು ಹಾಲು, ರಸ್ತೆ, ಚಳಿ ಎಲ್ಲಾ ಬರೆದಿರಿ. ನಾನು ಕೇಳಿದ್ದನ್ನು ಬರೆಯಲಿಲ್ಲ. ಇಲ್ಲಿಯ ಡಾಕ್ಟರೂ ಅದನ್ನೇ ಕೇಳಿದರು.

ಓಂಕಾರ


ನ್ಯೂ ಲಿನ್
19 ಫೆಬ್ರವರಿ 2017

ಓಂಕಾರ,

ಬಹಳ ಹಿಂದಿನ ಮಾತು. ನಿಮ್ಮವ್ವ ಹೇಳಿದ್ದಾಳಲ್ಲ, ಉಳುಕಿತ್ತು.

ಸೀಸನ್ ಮುಗಿದ ಮೇಲೆ ಮನೆಗೆ ಬಂದು ಹೋಗು. ಟೊಮೆಟೊ ಬಹಳ ಬಿಟ್ಟಿದೆ.

ಅಪ್ಪ


ನೆದರ್‌ಲೆಂಡ್ಸ್, ರಾಟರ್‌ಡ್ಯಾಮ್ ಹತ್ತಿರ
3 ಸೆಪ್ಟೆಂಬರ್ 2017

ಅಪ್ಪಾ,

ಟೊಮೆಟೊ ಸೀಸನ್ ತಪ್ಪಿಸಿಕೊಂಡೆ, ಕ್ಷಮಿಸಿ. ಅಡಿಲೇಡಿನಿಂದ ನೇರ ಇಲ್ಲಿಗೆ ಬಂದೆ. ಇದು ಒಂಬತ್ತನೆಯ ತಂಡ. ಇದೇ ಕೊನೆಯದು ಕೂಡ. ಯಾರೂ ಕರೆದು ಕೈಕುಲುಕಲಿಲ್ಲ, ಈ ಸಲ ನಾನೇ ಹೋಗಿ ಹೇಳಿದೆ. ಕೋಚ್‌ಗೆ ಒಳ್ಳೆಯ ಹುಡುಗ ಎನ್ನಲೂ ಸಮಯ ಸಿಗಲಿಲ್ಲ.

ಇಪ್ಪತ್ತೈದಕ್ಕೇ ನಾನು ಇಷ್ಟು ದಣಿದಿದ್ದೇನೆ ಎಂದರೆ ನಿಮಗೆ ನಗು ಬರಬಹುದು. ಬೆಳಿಗ್ಗೆ ಹಲ್ಲುಜ್ಜಲು ಎಡಗೈ ಬೇಕು. ಆಪರೇಷನ್ ಮಾಡಿಸಿದರೆ ಇನ್ನೊಂದು ವರ್ಷ ಆಡಬಹುದಂತೆ. ಇನ್ನೊಂದು ವರ್ಷ ಸೋತ ಆಟ ಮುಗಿಸಲು ಕೈ ಕೊಯ್ಯಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಒಂದು ಮಾತು ಹೇಳಬೇಕು. ಎಂಟು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಮಗನೆಂದು ಒಂದು ಸಲವಾದರೂ ಕಣ್ಣು ಮುಚ್ಚಬಹುದಿತ್ತು ಅನ್ನಿಸುತ್ತಿತ್ತು. ಹೋದ ವಾರ ಇಲ್ಲಿಯ ಅಂಪೈರೊಬ್ಬ ನಮ್ಮ ಕೋಚ್‌ನ ಗೆಳೆಯನೆಂದು ನಮ್ಮ ಕಡೆ ವಾಲಿದ. ನಾವು ಗೆದ್ದೆವು. ಖುಷಿಯೇ ಆಗಲಿಲ್ಲ. ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ, ನಮ್ಮಪ್ಪ ಸ್ವಂತ ಮಗನಿಗೇ ನೋಬಾಲ್ ಕೊಟ್ಟ ಅಂಪೈರ್ ಎಂದು. ಅವರು ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಾಯಿತು ಅಪ್ಪಾ, ನಿಜವಾಗಿಯೂ. ನೀವು ಕಂಡದ್ದನ್ನು ಹೇಳಿದಿರಿ. ನಾನು ಎಸೆಯುವವನೇ ಆಗಿದ್ದೆ, ಎಸೆದೇ ಆರು ವರ್ಷ ಬದುಕಿದೆ.

ಸಿಟ್ಟು ಬಿಟ್ಟಿದ್ದೇನೆ. ಆ ಎಕ್ಸ್‌ರೇ ಪ್ರಶ್ನೆಯೂ ಬಿಡಿ. ಅಕ್ಟೋಬರಿನಲ್ಲಿ ಮನೆಗೆ ಬರುತ್ತೇನೆ.

ಓಂಕಾರ


ನ್ಯೂ ಲಿನ್
24 ಸೆಪ್ಟೆಂಬರ್ 2017

ಓಂಕಾರ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಅಂಗಿಯ ಜೇಬಿನಲ್ಲೇ ಇದೆ. ನೀನು ಬೈದಿದ್ದರೆ ನಾನು ಸುಮ್ಮನೆ ಇದ್ದುಬಿಡುತ್ತಿದ್ದೆನೇನೋ. ಹೆಮ್ಮೆ ಎಂದು ಬರೆದೆ, ಅದನ್ನು ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ನಿನ್ನ ಮೊಣಕೈ ಮುರಿದಿತ್ತು.

1995, ಗದಗಿನ ಕಾಲೇಜು ಮೈದಾನ. ನಾನು ಅಂಪೈರ್. ನಿಮ್ಮವ್ವ ಹುಬ್ಬಳ್ಳಿಯಲ್ಲಿದ್ದಳು, ಪರೀಕ್ಷೆ ಹತ್ತಿರವಿತ್ತು. ನಿನ್ನನ್ನು ಬೌಂಡರಿ ಆಚೆ ನಿಂತಿದ್ದ ಪಿಚ್ ರೋಲರ್ ಮೇಲೆ ಕೂರಿಸಿ, ಕೈಗೆ ಎರಡು ಬಿಸ್ಕತ್ತು ಕೊಟ್ಟು ಹೋಗಿದ್ದೆ. ಓವರಿನ ನಾಲ್ಕನೇ ಚೆಂಡಿಗೆ ನೀನು ಅದರ ಮೇಲಿಂದ ಬಿದ್ದು ಕೂಗಿದ್ದು ಕೇಳಿಸಿತು. ನಾನು ಓವರ್ ಮುಗಿಸಿ ಬಂದೆ. ಎರಡು ಚೆಂಡು ಉಳಿದಿದ್ದವು.

ಆಸ್ಪತ್ರೆಗೆ ಒಯ್ಯಲಿಲ್ಲ. ಅಲ್ಲಿ ನಿಮ್ಮವ್ವನ ಪರಿಚಯದ ನರ್ಸುಗಳಿದ್ದರು, ಸುದ್ದಿ ಸಂಜೆಯೊಳಗೆ ಹುಬ್ಬಳ್ಳಿ ಮುಟ್ಟುತ್ತಿತ್ತು. ಬೆಟಗೇರಿಯಲ್ಲಿ ಎಲುಬು ಕಟ್ಟುವವರಿದ್ದರು. ಅವರು ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ನಿಮ್ಮವ್ವ ಪರೀಕ್ಷೆ ಮುಗಿಸಿ ಬರುವುದರೊಳಗೆ ಕಟ್ಟು ಬಿಚ್ಚಿಯಾಗಿತ್ತು. ಉಳುಕಿತ್ತು ಎಂದೆ. ಕೈ ಕೂಡಿತ್ತು, ಆದರೆ ಪೂರ್ತಿ ನೇರವಾಗುತ್ತಿರಲಿಲ್ಲ. ಯಾವತ್ತೂ ಆಗಲಿಲ್ಲ. ಅದು ನನಗೊಬ್ಬನಿಗೇ ಗೊತ್ತಿತ್ತು.

ಈಗ 2009. ಟಾಸಿಗೆ ಮುಂಚೆ, ಎದುರು ತಂಡ ನೋಡಿಕೊಳ್ಳುತ್ತಿದ್ದ ಹರಿಪ್ರಸಾದ ನನ್ನ ಹತ್ತಿರ ಬಂದ. ಮೈಸೂರಿನವನು, ನಿನಗೆ ಗೊತ್ತಲ್ಲ. ನಗುತ್ತಲೇ, "ನಿಮ್ಮ ಹುಡುಗ ಎಸೀತಾನೆ ಸಾರ್. ಎಲ್ಲರೂ ಹೇಳ್ತಾರೆ. ನೀವು ನೋಡಲ್ಲ ಬಿಡಿ, ಅಪ್ಪ ಅಲ್ವಾ" ಎಂದ. ಆ ಮಾತು ನನ್ನ ತಲೆಗೆ ಹತ್ತಿತು.

ಬಾಗಿದ ಕೈ ಬಾಗಿದ ಹಾಗೆಯೇ ಬಂದರೆ ಅದು ಎಸೆತವಲ್ಲ. ನಿಯಮ ನನಗೆ ಬಾಯಿಪಾಠ. ನಿನ್ನ ಕೈ ನೇರವಾಗಲು ಸಾಧ್ಯವೇ ಇರಲಿಲ್ಲ, ಅದೂ ಗೊತ್ತಿತ್ತು. ಮೊದಲನೆಯ ಸಲ ಕೈ ಎತ್ತಿದ್ದು ಹರಿಪ್ರಸಾದನಿಗೆ ತೋರಿಸಲು. ಎರಡನೆಯ ಸಲ, ಮೊದಲನೆಯದು ಸರಿ ಎಂದು ತೋರಿಸಲು. ಮೂರನೆಯ ಸಲ ಯಾಕೆ ಎತ್ತಿದೆನೋ, ಹಿಂದಕ್ಕೆ ಬರುವ ದಾರಿ ಕಾಣಲಿಲ್ಲ. ನೀನು ನನ್ನ ಕಡೆ ತಿರುಗಿ ನೋಡಿದೆ. ನಾನು ಹುಲ್ಲು ನೋಡಿದೆ.

ಇನ್ನೂ ಇದೆ. ಡಾಕ್ಟರ್ ಸರ್ಟಿಫಿಕೇಟ್ ತಂದರೆ ಹುಡುಗ ಆಡಬಹುದು ಎಂದು ಅಸೋಸಿಯೇಶನ್‌ನವರು ಹೇಳಿದ್ದರು. ಬೇಡ ಎಂದವನು ನಾನೇ. ಎಕ್ಸ್‌ರೇ ತೆಗೆದರೆ ಹಳೆಯ ಮುರಿತ ಕಾಣುತ್ತಿತ್ತು, ನಿಮ್ಮವ್ವನಿಗೆ ತಿಳಿಯುತ್ತಿತ್ತು. ವರದಿಯಲ್ಲಿ 'ಮೊಣಕೈ ನೇರವಾಗುವುದು ಸ್ಪಷ್ಟವಾಗಿ ಕಂಡಿತು' ಎಂದು ಬರೆದು ಸಹಿ ಮಾಡಿದೆ. ನಾನು ಕಂಡದ್ದನ್ನು ಹೇಳಲಿಲ್ಲ ಓಂಕಾರ. ನಿನ್ನಿಂದ ಆಟ ಕಿತ್ತುಕೊಂಡೆ, ಮೇಲಿಂದ ಪ್ರಾಮಾಣಿಕ ಎನ್ನಿಸಿಕೊಂಡೆ. ನಾಚಿಕೆಯಾಗುತ್ತದೆ.

ಇಷ್ಟನ್ನೂ ನಿಮ್ಮವ್ವನಿಗೆ ಓದಿ ಹೇಳಿದೆ. ಆಕೆ ಡ್ಯೂಟಿಗೆ ಹೊರಟು ನಿಂತಿದ್ದಳು. ಕೈಚೀಲ ಕೆಳಗಿಡಲಿಲ್ಲ. "ಎರಡು ಬಾಲ್ ಉಳದಾವಂತ ನಿಂತ್ರಿ?" ಎಂದು ಕೇಳಿದಳು. ಹೌದು ಎಂದೆ. ಹೊರಟುಹೋದಳು. ಆಮೇಲೆ ಆ ವಿಷಯ ಮಾತಾಡಿಲ್ಲ.

ಅಪ್ಪ


ರಿಕ್ಕರ್ಟನ್, ಕ್ರೈಸ್ಟ್‌ಚರ್ಚ್
9 ಜನವರಿ 2018

ಅಪ್ಪಾ,

ಅಕ್ಟೋಬರಿನಲ್ಲಿ ಈ ದೇಶಕ್ಕೆ ಬಂದೆ, ಆದರೆ ಮನೆಗೆ ಬರಲಿಲ್ಲ. ಅದು ನಿಮಗೆ ಅವ್ವನಿಂದ ಗೊತ್ತಿದೆ. ವಿಳಾಸ ಕೊಡಬೇಡ ಎಂದು ಆಕೆಗೆ ನಾನೇ ಹೇಳಿದ್ದೆ. ಈಗ ಕೊಡುತ್ತಿದ್ದೇನೆ, ಮೇಲಿದೆ. ಮಾಲ್‌ನಲ್ಲಿ ಬೂಟಿನ ಅಂಗಡಿಯಲ್ಲಿ ಕೆಲಸ. ಸಂಜೆ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಕೋಚಿಂಗ್. ಫ್ಲಾಟ್‌ಮೇಟ್ ಬಾಲು ಅಂತ, ಬಳ್ಳಾರಿಯವನು, ಫಿಸಿಯೋ. ನನ್ನ ಕೈ ತಿಕ್ಕುತ್ತಾನೆ, ಬದಲಿಗೆ ನಾನು ಪಾತ್ರೆ ತೊಳೆಯುತ್ತೇನೆ.

ನೀವು ಬರಬೇಡಿ. ನಿಮ್ಮನ್ನು ಕಂಡರೆ ಏನು ಹೇಳಬೇಕೆಂದು ಗೊತ್ತಿಲ್ಲ. ಒಂಬತ್ತು ತಂಡ ಅಪ್ಪಾ. ಪ್ರತಿ ಸಲ ಸೂಟ್‌ಕೇಸು ತುಂಬುವಾಗ, ನಾನು ಎಸೆಯುವವನು, ಇದೇ ನನ್ನ ಜಾಗ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಆ ಸಮಾಧಾನವೂ ಹೋಯಿತು.

ಓಂಕಾರ


ನ್ಯೂ ಲಿನ್
18 ಫೆಬ್ರವರಿ 2018

ಓಂಕಾರ,

ಬರುವುದಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ. ಬರೆದರೆ ಅದಕ್ಕೊಂದು ಉತ್ತರ ಕೊಡುವ ಕೆಲಸ ನಿನ್ನ ಮೇಲೆ ಬೀಳುತ್ತದೆ.

ಮಾಡಿದ್ದನ್ನು ಮಾತ್ರ ತಿಳಿಸುತ್ತೇನೆ. 2009ರ ನನ್ನ ವರದಿ ಸುಳ್ಳು ಎಂದು ಅಸೋಸಿಯೇಶನ್‌ಗೆ ಎರಡು ಪುಟ ಬರೆದು ಕಳಿಸಿದೆ. ಉತ್ತರ ಬಂತು. ಪತ್ರಕ್ಕೆ ಧನ್ಯವಾದ, ಆ ಸೀಸನ್ನಿನ ಜೂನಿಯರ್ ದಾಖಲೆಗಳು ಈಗ ಇಲ್ಲ, ಮುಂದಿನ ವರ್ಷವೂ ಅಂಪೈರಿಂಗ್‌ಗೆ ಬರುವಿರೆಂದು ನಂಬುತ್ತೇವೆ ಎಂದಿದ್ದಾರೆ. ನಿನ್ನ ಹೆಸರಿಗೆ ಹತ್ತಿದ್ದ ಕಲೆ ಒಂಬತ್ತು ವರ್ಷದಿಂದ ನಮ್ಮಿಬ್ಬರ ತಲೆಯಲ್ಲಿ ಮಾತ್ರ ಇತ್ತು.

ಹರಿಪ್ರಸಾದನ ಮನೆಗೂ ಹೋದೆ. ಅವನಿಗೆ ತಾನು ಹಾಗೆ ಅಂದದ್ದೇ ನೆನಪಿಲ್ಲ. ಚಹಾ ಕೊಟ್ಟ.

ಅಂಪೈರಿಂಗಿನ ಬಿಳಿ ಕೋಟು ಒಗೆದು ಮಡಿಚಿ ಇಟ್ಟಿದ್ದೇನೆ. ಶನಿವಾರ ಏನು ಮಾಡಬೇಕೋ ತಿಳಿಯುತ್ತಿಲ್ಲ. ನಿಮ್ಮವ್ವ ಈಗ ಮಾತಾಡುತ್ತಾಳೆ, ಆದರೆ ನಾನು ಏನಾದರೂ ಅರ್ಧಕ್ಕೆ ಬಿಟ್ಟು ಎದ್ದರೆ, "ಮುಗಿಸೇ ಬರ್ರಿ, ಎರಡು ಬಾಲ್ ಇರಬೇಕಲ್ಲ" ಎನ್ನುತ್ತಾಳೆ. ಅಂದರೆ ಅನ್ನಲಿ.

ಅಪ್ಪ


ರಿಕ್ಕರ್ಟನ್
12 ಮಾರ್ಚ್ 2018

ಅಪ್ಪಾ,

ನಿನ್ನೆ ಇಲ್ಲಿಯ ಕನ್ನಡದವರ ಭಾನುವಾರದ ಮ್ಯಾಚಿಗೆ ಒಬ್ಬ ಕಡಿಮೆ ಬಿದ್ದ. ಬಾಲು ನನ್ನನ್ನು ತನ್ನ ಗಾಡಿಯಲ್ಲಿ ಹಾಕಿಕೊಂಡು ಹೋದ. ಬೌಂಡರಿಯಲ್ಲಿ ನಿಲ್ಲುತ್ತೇನೆ, ಬೌಲ್ ಮಾಡುವುದಿಲ್ಲ ಎಂದಿದ್ದೆ. ಕೊನೆಗೆ ಒಂದು ಓವರಿಗೆ ಯಾರೂ ಉಳಿಯಲಿಲ್ಲ. "ಹಾಕಲೇ, ಸೋತ ಮ್ಯಾಚು, ನಿನಗ ರೂಢಿ ಐತಲ್ಲ" ಎಂದ ಬಾಲು.

ಒಂಬತ್ತು ವರ್ಷದ ಮೇಲೆ ಕ್ರಿಕೆಟ್ ಚೆಂಡು ಹಿಡಿದೆ. ಎಷ್ಟು ಸಣ್ಣದು, ಎಷ್ಟು ಗಟ್ಟಿ. ಮೊಣಕೈ ನೋವಿಗೆ ನಿಧಾನಕ್ಕೇ ಹಾಕಿದೆ. ಹಾಕಿ ತಕ್ಷಣ ಸ್ಕ್ವೇರ್ ಲೆಗ್ ಕಡೆ ನೋಡಿದೆ. ಅಲ್ಲಿ ಬ್ಯಾಟಿಂಗ್ ತಂಡದ ಅಶ್ವತ್ಥ ಅಂತ ಹಲ್ಲಿನ ಡಾಕ್ಟರ್ ಅಂಪೈರ್ ಆಗಿ ನಿಂತಿದ್ದರು. ಫೋನ್ ನೋಡುತ್ತಿದ್ದರು. ಎರಡನೇ ಚೆಂಡು ಹಾಕಿ ನೋಡಿದೆ. ಫೋನ್. ಆರು ಚೆಂಡಿಗೂ ನೋಡಿದೆ ಅಪ್ಪಾ, ಆರು ಸಲವೂ ಆ ಮನುಷ್ಯ ತಲೆ ಎತ್ತಲಿಲ್ಲ.

ಯಾರೂ ತಪ್ಪು ಎನ್ನಲಿಲ್ಲ, ನಿರಾಳವಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು. ನೋಡದೆ ಬಿಟ್ಟದ್ದು ಲೆಕ್ಕಕ್ಕಿಲ್ಲ. ಅದನ್ನು ನೋಡಬೇಕಾದವರು ಒಬ್ಬರೇ ಇದ್ದಾರೆ.

ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಹೋಗಲಿ ಎಂದು ಕಾಯುವಷ್ಟು ತ್ರಾಣ ನನಗಿಲ್ಲ. 25ಕ್ಕೆ ಈ ಸೀಸನ್ನಿನ ಕೊನೆಯ ಮ್ಯಾಚು. ಬನ್ನಿ. ಕೋಟು ತನ್ನಿ. ಅವ್ವನನ್ನೂ ಕರೆದುಕೊಂಡು ಬನ್ನಿ.

ಒಂದು ಓವರ್ ಹಾಕುತ್ತೇನೆ. ಹುಲ್ಲು ನೋಡಬೇಡಿ.

ಓಂಕಾರ


ಅಂಪೈರ್ ವರದಿ
ಕ್ರೈಸ್ಟ್‌ಚರ್ಚ್, 25 ಮಾರ್ಚ್ 2018, ಭಾನುವಾರ

ಹವಾಮಾನ: ಮೋಡ, ತಣ್ಣನೆಯ ಗಾಳಿ. ಬೆಳಕು ಸಾಕಷ್ಟಿತ್ತು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ನಿಂತ ಜಾಗ: ಸ್ಕ್ವೇರ್ ಲೆಗ್.

ಓವರ್ ಸಂಖ್ಯೆ: ಹದಿನೆಂಟು. ಬೌಲರ್: ಓಂಕಾರ ನಾಗಲಿಂಗಪ್ಪ. ಬಲಗೈ, ನಿಧಾನಗತಿ.

ಓವರಿನಲ್ಲಿ ಹದಿನಾರು ರನ್ ಹೋದವು. ಹಲ್ಲಿನ ಡಾಕ್ಟರು ಎರಡು ಸಿಕ್ಸರ್ ಹೊಡೆದರು. ಒಂದು ಚೆಂಡಿಗೆ ಆ ಕಡೆಯ ಅಂಪೈರ್ ನೋಬಾಲ್ ಕೊಟ್ಟರು. ಅದು ಗೆರೆ ದಾಟಿದ ಕಾಲಿಗೆ ಕೊಟ್ಟದ್ದು, ಕೈಗಲ್ಲ. ಆದ್ದರಿಂದ ಬೌಲರ್ ಒಟ್ಟು ಏಳು ಚೆಂಡು ಹಾಕಿದ.

ಪ್ರತಿ ಚೆಂಡಿನ ನಂತರ ಬೌಲರ್ ನನ್ನ ಕಡೆ ತಿರುಗಿ ನೋಡಿದ. ಪ್ರತಿ ಸಲವೂ ನಾನು ಅವನನ್ನೇ ನೋಡುತ್ತಿದ್ದೆ.

ಐದನೇ ಚೆಂಡಿನ ನಂತರ ಬೌಲರ್ ಮೊಣಕೈ ಹಿಡಿದುಕೊಂಡು ಕೂತ. ನಿಯಮದ ಪ್ರಕಾರ ಅಂಪೈರ್ ತನ್ನ ಜಾಗ ಬಿಡುವ ಅಗತ್ಯವಿರಲಿಲ್ಲ. ಓವರಿನಲ್ಲಿ ಇನ್ನೂ ಎರಡು ಚೆಂಡು ಉಳಿದಿದ್ದವು. ನಾನು ಜಾಗ ಬಿಟ್ಟು ಓಡಿದೆ. ಆಟ ನಾಲ್ಕು ನಿಮಿಷ ನಿಂತಿತು. ಬೌಂಡರಿಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಬೌಲರ್‌ನ ತಾಯಿ ನೀಲಗಂಗಾ ಎದ್ದು ನಿಂತಿದ್ದಳು. ಬೌಲರ್ "ಏನಿಲ್ಲಪ್ಪಾ, ಹೋಗ್ರಿ, ಮುಗಸ್ತೀನಿ" ಎಂದ. ಮುಗಿಸಿದ.

ಎಸೆತದ ಬಗ್ಗೆ ಅಂಪೈರ್ ಅಭಿಪ್ರಾಯ: ಏಳು ಚೆಂಡುಗಳಲ್ಲಿಯೂ ಬೌಲರ್‌ನ ಮೊಣಕೈ ಬಾಗಿತ್ತು. ಬಾಗಿದ್ದು ನೇರವಾಗಲಿಲ್ಲ. ಇದು ಎಸೆತವಲ್ಲ. ಹಿಂದೆಯೂ ಆಗಿರಲಿಲ್ಲ.

ಪ್ರತಿಗಳು ಎರಡು: ಒಂದು ಬೌಲರ್‌ಗೆ, ಒಂದು ಅವನ ತಾಯಿಗೆ.

ಸಹಿ,
ನಾಗಲಿಂಗಪ್ಪ